ಒಂದೇ ಮನೆಯ ಎರಡು ಚೀಟಿಗಳು

ರಕ್ತಪರೀಕ್ಷೆಯ ಚೀಟಿ ಕೈಗೆ ಬಂದೊಡನೆ ನಾವು ಹುಡುಕುವುದು ಪಾಸಿಟಿವ್ ಇದೆಯೋ ನೆಗೆಟಿವ್ ಇದೆಯೋ ಎಂಬುದನ್ನು. ಹೆಪಟೈಟಿಸ್ ಬಿ ಎಂಬ ಯಕೃತ್ತಿನ ಬೇನೆಯ ವಿಷಯದಲ್ಲಿ ಈ ಅವಸರ ನಮ್ಮನ್ನು ದಾರಿ ತಪ್ಪಿಸುವುದುಂಟು.

ಈಚೆಗೆ ಹಿರಿಯರೊಬ್ಬರು ಎರಡು ಚೀಟಿ ಹಿಡಿದು ನನ್ನಲ್ಲಿಗೆ ಬಂದರು. ಒಂದು ಮಗನದು, ಇನ್ನೊಂದು ಆರು ತಿಂಗಳ ಬಸುರಿಯಾದ ಸೊಸೆಯದು. ಎರಡರಲ್ಲಿಯೂ ಪಾಸಿಟಿವ್ ಎಂದೇ ಇತ್ತು. "ಸೊಸೆ ಗುಂಡುಕಲ್ಲಿನ ಹಾಗಿದ್ದಾಳೆ, ಡಾಕ್ಟರೇ. ಮಗನಿಗೆ ಮೊನ್ನೆ ಜ್ವರ ಬಂದಿತ್ತು, ಅವನದೇ ಚಿಂತೆ" ಎಂದರು. ಚೀಟಿಗಳು ಹೇಳುತ್ತಿದ್ದುದು ಇದಕ್ಕೆ ತೀರ ವಿರುದ್ಧವಾಗಿತ್ತು.

ಸೊಸೆಯ ಚೀಟಿಯಲ್ಲಿದ್ದುದು ಎಚ್‌ಬಿಎಸ್‌ಎಜಿ; ಮಗನದರಲ್ಲಿ ಆಂಟಿ-ಎಚ್‌ಬಿಎಸ್. ಮೊದಲನೆಯದು ವೈರಸ್ಸಿನ ಹೊರಹೊದಿಕೆಯ ಅಂಶ. ಅದು ರಕ್ತದಲ್ಲಿ ಸಿಕ್ಕರೆ ವೈರಸ್ಸು ಒಳಗೇ ಇದೆಯೆಂದು ಅರ್ಥ. ಬ್ಲೂಂಬರ್ಗ್ ಎಂಬ ವಿಜ್ಞಾನಿ ಇದನ್ನು ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡು 1965ರಲ್ಲಿ ಪ್ರಕಟಿಸಿದರು. 1976ರಲ್ಲಿ ನೊಬೆಲ್ ಬಹುಮಾನವನ್ನೂ ಪಡೆದರು. ಇದಕ್ಕೆ 'ಆಸ್ಟ್ರೇಲಿಯ ಆಂಟಿಜನ್' ಎಂಬ ಹೆಸರು ಬಂದದ್ದು ಹೀಗೆ. ಆ ಹೆಸರು ಕಂಡು, ತಾವು ಆ ದೇಶಕ್ಕೆ ಹೋಗಿಯೇ ಇಲ್ಲವಲ್ಲ ಎಂದು ಯಾರೂ ನಿಶ್ಚಿಂತರಾಗಬಾರದು!

ಎರಡನೆಯದು, ಎಂದರೆ ಆಂಟಿ-ಎಚ್‌ಬಿಎಸ್, ದೇಹವೇ ಸಿದ್ಧಪಡಿಸಿಕೊಂಡ ಕಾವಲು. ಮಿಲಿಲೀಟರಿಗೆ 10 ಮಿಲಿ-ಯೂನಿಟ್ ಅಥವಾ ಹೆಚ್ಚಿದ್ದರೆ ರಕ್ಷಣೆಯಿದೆಯೆಂದು ಎಣಿಸುತ್ತೇವೆ. ವಿಚಾರಿಸಿದಾಗ, ಮಗ ಕಾಲೇಜಿನಲ್ಲಿದ್ದಾಗ ಮೂರು ಲಸಿಕೆ ಹಾಕಿಸಿಕೊಂಡಿದ್ದನೆಂದು ತಿಳಿಯಿತು. ಆಂಟಿ-ಎಚ್‌ಬಿಸಿ ಎಂಬ ಮೂರನೆಯ ಪರೀಕ್ಷೆಯೊಂದುಂಟು. ಅದು ಲಸಿಕೆಯಿಂದ ಹುಟ್ಟುವುದಿಲ್ಲ. ನಿಜವಾದ ವೈರಸ್ಸು ಬಂದವರಲ್ಲಿ ಉಳಿಯುವ ಹೆಜ್ಜೆಗುರುತು. ಅದು ಮಗನಲ್ಲಿ ಇರಲಿಲ್ಲ. ಅವನಿಗೆ ಚಿಕಿತ್ಸೆಯೇನೂ ಬೇಕಿಲ್ಲ.

ಸೊಸೆಯ ಮಾತು ಬೇರೆ. ವೈರಸ್ಸು ಎಂದಿನಿಂದ ಇದೆಯೆಂದು ಒಂದು ಚೀಟಿ ಹೇಳಲಾರದು. ಆರು ತಿಂಗಳು ಕಳೆದರೂ ಎಚ್‌ಬಿಎಸ್‌ಎಜಿ ಉಳಿದಿದ್ದರೆ ಅದು ದೀರ್ಘಕಾಲದ ಸೋಂಕು. ಕಾಮಾಲೆಯಾಗಲಿ ನೋವಾಗಲಿ ಇಲ್ಲದೆ ವರ್ಷಗಟ್ಟಲೆ ಇದ್ದು, ಕೆಲವರಲ್ಲಿ ಕಡೆಗೆ ಯಕೃತ್ತನ್ನು ಗಟ್ಟಿಯಾಗಿಸಿ ಕೆಡಿಸುತ್ತದೆ, ಕ್ಯಾನ್ಸರನ್ನೂ ತರಬಲ್ಲದು. ಆದುದರಿಂದ ಯಕೃತ್ತಿನ ಸ್ಥಿತಿಯನ್ನೂ ರಕ್ತದಲ್ಲಿ ವೈರಸ್ಸಿನ ಪ್ರಮಾಣವನ್ನೂ ನೋಡಬೇಕು. ಪ್ರಮಾಣ ಹೆಚ್ಚಿದ್ದರೆ ಬಸುರಿನಲ್ಲಿಯೇ ಮಾತ್ರೆ ಕೊಡುತ್ತಾರೆ.

ಇದಕ್ಕಿಂತ ಅವಸರದ ಸಂಗತಿ ಮಗುವಿನದು. ದೊಡ್ಡವರಾದ ಮೇಲೆ ಸೋಂಕು ತಗಲಿದರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಅದನ್ನು ನೀಗಿಕೊಳ್ಳುತ್ತಾರೆ. ಹುಟ್ಟುವಾಗ ತಗಲಿದ ಕೂಸುಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತರಲ್ಲಿ ಅದು ಉಳಿದುಬಿಡುತ್ತದೆ. ಹುಟ್ಟಿದ 24 ಗಂಟೆಯೊಳಗೆ ಲಸಿಕೆಯ ಮೊದಲ ಚುಚ್ಚುಮದ್ದು, ಜೊತೆಗೆ ಇಮ್ಯುನೊಗ್ಲಾಬ್ಯುಲಿನ್, ಆಮೇಲೆ ಉಳಿದ ಲಸಿಕೆಗಳು ಸರಿಯಾಗಿ ಬಿದ್ದರೆ ಬಹುತೇಕ ಮಕ್ಕಳು ಪಾರಾಗುತ್ತಾರೆ.

ಹಿರಿಯರು ತುಸು ಹೊತ್ತು ಸುಮ್ಮನಿದ್ದು, "ಹಾಗಾದರೆ ಅವಳ ತಟ್ಟೆ ಲೋಟ ಬೇರೆ ಇಡಬೇಕೆ?" ಎಂದರು. ಬೇಡವೇ ಬೇಡ. ಒಂದೇ ಪಂಕ್ತಿಯಲ್ಲಿ ಉಂಡರೆ, ಮುಟ್ಟಿದರೆ ಇದು ಬರುವುದಿಲ್ಲ. ರಕ್ತದಿಂದ, ದಾಂಪತ್ಯ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಬರುತ್ತದೆ. ಬ್ಲೇಡು, ಹಲ್ಲುಜ್ಜುವ ಬ್ರಷ್ಷು ಮಾತ್ರ ಅವರವರದೇ ಇರಲಿ. ಮನೆಯ ಉಳಿದವರೂ ಪರೀಕ್ಷೆ ಮಾಡಿಸಿ, ಬೇಕಾದವರು ಲಸಿಕೆ ಹಾಕಿಸಿಕೊಳ್ಳಲಿ. ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಬೇಕು, ಸೊಸೆಯ ಚೀಟಿಯನ್ನು ಅಲ್ಲಿ ಮುಂಚಿತವಾಗಿಯೇ ತೋರಿಸಿರಬೇಕು ಎಂದು ಹೇಳಿ ಕಳುಹಿಸಿದೆ.