ಸಂತೆಯ ಚೀಲವೂ ನಮ್ಮ ಸಿದ್ಧಾಂತವೂ

(ತಾಲ್ಲೂಕು ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಬೆಳಗಿನಿಂದ ಭೂಮಿಯ ಪ್ರಶ್ನೆ, ಕೂಲಿಯ ಪ್ರಶ್ನೆ ಕೇಳಿ ನೀವು ದಣಿದಿದ್ದೀರಿ. ಈಗ ನಾವು ಎತ್ತಿಕೊಂಡಿರುವುದು ನೋಡಲಿಕ್ಕೆ ಸಣ್ಣ ವಿಷಯ: ಅಂಗಡಿಯಲ್ಲಿ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು. ನಾವೂ ಬಹುಕಾಲ ಇದನ್ನು ಸಣ್ಣದೆಂದೇ ತಿಳಿದಿದ್ದೆವು. ಹಾಗಲ್ಲವೆಂದು ತಿಳಿಸಿಕೊಟ್ಟವರು ಒಬ್ಬ ಮುದುಕರು.

2022ರ ಆಗಸ್ಟ್. ಮನೆಮನೆಯಲ್ಲೂ ಬಾವುಟ ಹಾರಿಸಬೇಕೆಂಬ ಕರೆ ಬಂದಿತ್ತು. ನಾವು ಪೇಟೆಗೆ ಹೋಗಿ ಕಚೇರಿಗೆಂದು 25 ರೂಪಾಯಿಯ ಪಾಲಿಯೆಸ್ಟರ್ ಬಾವುಟ ತಂದೆವು. ಖಾದಿಯದಕ್ಕೆ ಅದರ ಹಲವು ಪಟ್ಟು ಬೆಲೆ. ಉಳಿದ ಹಣ ಕರಪತ್ರಕ್ಕಾಯಿತೆಂದು ನಮಗೆ ಸಮಾಧಾನ. ಅದೇ ಬಾವುಟದ ಪಕ್ಕದಲ್ಲಿ ನಿಂತು ಕೈಮಗ್ಗದವರ ಕಷ್ಟವನ್ನು ಕುರಿತು ಅರ್ಧ ಗಂಟೆ ಮಾತಾಡಿದೆವು. ಸಭೆ ಮುಗಿದ ಮೇಲೆ, ಮಗ್ಗ ಬಿಟ್ಟು ಎಷ್ಟೋ ವರ್ಷವಾಗಿದ್ದ ಆ ಮುದುಕರು ಎದ್ದು ಬಂದರು. ಬಾವುಟದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಮಾಸ್ತರೇ, ಇದನ್ನ ನೇಯ್ದವರು ಯಾರು?" ಎಂದರು. ಅವರ ದನಿಯಲ್ಲಿ ಕೊಂಕಿರಲಿಲ್ಲ. ನಮ್ಮಲ್ಲಿ ಉತ್ತರವೂ ಇರಲಿಲ್ಲ.

ಖಾದಿಯ ಬಾವುಟವನ್ನೇ ತಂದಿದ್ದರೆ ಉತ್ತರ ಹೇಳಬಹುದಾಗಿತ್ತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ಬಣ್ಣ ಹಾಕುವುದು, ಚಕ್ರವನ್ನು ಅಚ್ಚೊತ್ತುವುದು, ಅಳತೆ ತಪ್ಪದಂತೆ ಹೊಲಿಯುವುದು, ಎಲ್ಲವೂ ಕಟ್ಟುನಿಟ್ಟಿನ ಕೆಲಸ. ದುಡಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಬಾವುಟವೆಂದರೆ ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಬಟ್ಟೆಯದೇ ಆಗಬೇಕೆಂಬ ಕಟ್ಟಳೆಯೇ ಅವರ ಅನ್ನಕ್ಕೆ ಆಧಾರವಾಗಿತ್ತು. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ಮಾಡಿದ್ದಕ್ಕೂ ಪಾಲಿಯೆಸ್ಟರಿಗೂ ಒಪ್ಪಿಗೆ ಕೊಡಲಾಯಿತು. ತಿದ್ದಿದವರು ದಿಲ್ಲಿಯವರು, ನಿಜ. ಆದರೆ 25 ರೂಪಾಯಿ ಎಣಿಸಿಕೊಟ್ಟವರು ನಾವು.

ಶಾಲೆಯಲ್ಲಿ ನಾವು ವರ್ಷಗಟ್ಟಲೆ ಲಾಭ-ನಷ್ಟದ ಲೆಕ್ಕ ಕಲಿಸಿದವರು. ಒಬ್ಬ ವರ್ತಕನು ಬಟ್ಟೆಯನ್ನು ಇಷ್ಟಕ್ಕೆ ಕೊಂಡು ಇಷ್ಟಕ್ಕೆ ಮಾರಿದರೆ ಅವನಿಗೆ ಬಂದ ಲಾಭವೆಷ್ಟು? ಮಕ್ಕಳು ಸರಿಯಾಗಿ ಮಾಡುತ್ತಿದ್ದರು. ಅದೇ ಬಟ್ಟೆಯನ್ನು ನೇಯ್ದವನಿಗೆ ಸಿಕ್ಕ ಕೂಲಿ ಎಷ್ಟು ಎಂದು ನಾವು ಒಂದು ದಿನವೂ ಕೇಳಲಿಲ್ಲ. ಪುಸ್ತಕದಲ್ಲಿ ಅಂಥ ಲೆಕ್ಕವೇ ಇರಲಿಲ್ಲ. ಆ ಲೆಕ್ಕ ಕಲಿಯದೆ ಬೆಳೆದವರೇ ನಾವೆಲ್ಲ, ಇಂದು ಅಂಗಡಿಯ ಮುಂದೆ ನಿಂತಿದ್ದೇವೆ.

ಹಾಗಾದರೆ ಎಲ್ಲರೂ ಖಾದಿ ಉಡಿ, ದುಬಾರಿಯಾದರೂ ಒಳ್ಳೆಯದನ್ನೇ ಕೊಳ್ಳಿ ಎಂದು ಹೇಳಿ ಕೂತುಬಿಡೋಣವೆ? ಒಂದು ಹಾಡಿಯಲ್ಲಿ ಹೀಗೆ ಹೇಳಹೋಗಿ ನಾವು ತಕ್ಕ ಮಾತು ಕೇಳಿಸಿಕೊಂಡೆವು. ಕೂಲಿಮಾಡುವ ತಾಯಿಯೊಬ್ಬರು, "ಆರಿಸೋಕೆ ಎರಡು ಇದ್ದೋರಿಗೆ ಈ ಮಾತು ಹೇಳಿ. ನಮಗೆ ಅಗ್ಗದ್ದೇ ಇರೋದು" ಎಂದರು. ಅವರ ಮಾತು ಸರಿ. ಕೊಡುವ ರೂಪಾಯಿಯೇ ಮತ ಎಂದು ಕೆಲವು ವಿದ್ಯಾವಂತರು ಹೇಳುತ್ತಾರೆ. ರೂಪಾಯಿ ಮತವಾದರೆ ಸಾವುಕಾರನಿಗೆ ಲಕ್ಷ ಮತ, ಆ ತಾಯಿಗೆ ಹತ್ತು. ಇಂಥ ಚುನಾವಣೆಯನ್ನು ನಾವು ಒಪ್ಪಲಾರೆವು. ಒಬ್ಬೊಬ್ಬನೇ ಪುಣ್ಯದ ಸರಕು ಕೊಂಡು ಮನೆ ಸೇರಿದರೆ ಅವನ ಮನಸ್ಸು ಹಗುರವಾದೀತು, ಮಗ್ಗದವನ ಸಾಲ ಹಗುರವಾಗದು.

ಕೊಳ್ಳುವವರಿಂದ ಏನೂ ಆಗದೆಂದು ಇದರ ಅರ್ಥವಲ್ಲ. ದುಡಿಯುವವರು ಕರೆದಾಗ, ಕೊಳ್ಳುವವರು ಕೂಡಿ ಓಗೊಟ್ಟರೆ ಬಹಳವಾಗುತ್ತದೆ. ದೂರದ್ದಾದರೂ ಒಂದು ಉದಾಹರಣೆ ಕೇಳಿ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಡೆಲಾನೊ ಎಂಬ ಊರು. ಸುತ್ತಲೂ ದ್ರಾಕ್ಷಿ ತೋಟ. 1965ರ ಸೆಪ್ಟೆಂಬರಿನಲ್ಲಿ ಅಲ್ಲಿನ ಫಿಲಿಪಿನೊ ಕೂಲಿಗಳು ಕೆಲಸ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಮೆಕ್ಸಿಕನ್ ಮೂಲದ ಕೂಲಿಗಳೂ ಜೊತೆಗೂಡಿದರು. ಒಡೆಯರು ಬೇರೆ ಆಳುಗಳನ್ನು ತಂದು ಹಣ್ಣು ಕೊಯ್ಯಿಸಿದರು. ಆಗ ಕೂಲಿಗಳು ದೂರದೂರದ ಪಟ್ಟಣಗಳಿಗೆ ಹೋಗಿ ಅಂಗಡಿಗಳ ಮುಂದೆ ನಿಂತು, ಈ ದ್ರಾಕ್ಷಿ ಕೊಳ್ಳಬೇಡಿರೆಂದು ಬೇಡಿದರು. ಗೃಹಿಣಿಯರು ಕೇಳಿದರು, ಸಂಘಗಳು ಕೇಳಿದವು. ಐದು ವರ್ಷ ಹಿಡಿಯಿತು. 1970ರಲ್ಲಿ ಡೆಲಾನೊದ ಒಡೆಯರು ಕೂಲಿಗಳ ಸಂಘದೊಡನೆ ಒಪ್ಪಂದಕ್ಕೆ ಸಹಿ ಹಾಕಿದರು. ಗೆದ್ದದ್ದು ಬರಿಯ ಕೊಳ್ಳದಿರುವಿಕೆಯಲ್ಲ. ಅದರ ಹಿಂದೆ ಇದ್ದ ಸಂಘ.

ಬಿಡುವುದರ ಮಾತು ಇದಾಯಿತು. ಕೊಳ್ಳುವುದಕ್ಕೂ ಇದೇ ನ್ಯಾಯ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ನೇಕಾರರ ಊರಿನಲ್ಲಿ 28 ಮಂದಿ ಬಡವರು ವಾರವಾರ ಕಾಸು ಕೂಡಿಸಿ, 1844ರ ಡಿಸೆಂಬರ್ 21ರಂದು ಒಂದು ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದ ಬತ್ತಿ, ಇಷ್ಟೇ ಸರಕು. ಕಲಬೆರಕೆಯಿಲ್ಲ, ತೂಕದಲ್ಲಿ ಮೋಸವಿಲ್ಲ. ಉಳಿದ ಲಾಭ ಕೊಂಡವರಿಗೇ, ಕೊಂಡಷ್ಟಕ್ಕೆ ತಕ್ಕಂತೆ. ಎಲ್ಲಕ್ಕೂ ಮಿಗಿಲಾದ ನಿಯಮ ಇನ್ನೊಂದು: ಯಾರ ಪಾಲು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ರೂಪಾಯಿಗೆ ಮತ ಕೊಡುವವರಿಗೆ ಇದೇ ಉತ್ತರ. ನಮ್ಮಲ್ಲಿಯೂ ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ರೈತರು ಸಾಲದ ಸಹಕಾರ ಸಂಘ ಕಟ್ಟಿದರು. ಕೂಡಿ ಕಟ್ಟುವುದು ನಮಗೆ ಹೊಸದಲ್ಲ.

ಕೆಡಿಸುವುದೂ ಹೊಸದಲ್ಲವೆಂದು ನೀವು ನಗುತ್ತೀರಿ. ನಾವು ಸೇರಿದ್ದ ಒಂದು ಸಂಘ ಮೂರೇ ವರ್ಷದಲ್ಲಿ ಬಾಗಿಲು ಹಾಕಿತು. ದೊಡ್ಡವರು ಉದ್ದರಿ ಒಯ್ದು ತೀರಿಸಲಿಲ್ಲ. ಕೇಳುವ ಧೈರ್ಯ ನಮಗಿರಲಿಲ್ಲ. ಎಣ್ಣೆ ಎದುರಂಗಡಿಯಲ್ಲಿ ಎರಡು ರೂಪಾಯಿ ಅಗ್ಗವಾದ ದಿನ ನಮ್ಮ ಸದಸ್ಯರೇ ಅತ್ತ ನಡೆದರು. ಅವರಲ್ಲಿ ನಾವೂ ಒಬ್ಬರು. ತಪ್ಪು ಸಿದ್ಧಾಂತದ್ದಲ್ಲ, ನಮ್ಮದು.

ಆದ್ದರಿಂದ ಈ ಶಿಬಿರದ ಮುಂದೆ ಮೂರು ಸಲಹೆ ಇಡುತ್ತೇವೆ. ಮೊದಲನೆಯದು, ಬರುವ ಆಗಸ್ಟಿಗೆ ನಮ್ಮ ಪ್ರತಿ ಶಾಖೆಯ ಕಚೇರಿಗೂ ಖಾದಿಯ ಬಾವುಟವೇ ಬರಲಿ. ಹಣವನ್ನು ಒಬ್ಬರ ಮೇಲೆ ಹೊರಿಸದೆ ವಂತಿಗೆ ಎತ್ತೋಣ. ಎರಡನೆಯದು, ಮೊದಲಿಗೆ 50 ಮನೆಗಳು ಕೂಡಿ ಅಕ್ಕಿ, ಬೇಳೆ, ಶಾಲೆಯ ನೋಟುಪುಸ್ತಕಗಳನ್ನು ಒಟ್ಟಿಗೆ ತರೋಣ. ರೊಕ್ಕ ಕೊಟ್ಟೇ ಒಯ್ಯಬೇಕು. ಲೆಕ್ಕ ತಿಂಗಳಿಗೊಮ್ಮೆ ಗೋಡೆಯ ಮೇಲೆ. ಹಾಡಿಯ ಆ ತಾಯಿಗೂ ನಮಗೂ ಒಂದೊಂದೇ ಮತ. ಮೂರನೆಯದು, ನಮ್ಮಲ್ಲಿ ಯಾರೂ ಇನ್ನೊಬ್ಬರ ಚೀಲ ಬಿಚ್ಚಿ ನೋಡಬಾರದು. ಬಡವನ ಬಡತನವನ್ನು ಹಂಗಿಸುವ ಶುದ್ಧಿ ನಮಗೆ ಬೇಡ. ಪ್ರಶ್ನೆಯನ್ನು ಮಾರುವವನಿಗೂ ಸರ್ಕಾರಕ್ಕೂ ಹಾಕೋಣ: ಇದನ್ನು ಮಾಡಿದವರು ಯಾರು, ಅವರ ಕೈಗೆ ಬಂದದ್ದೆಷ್ಟು? ಕೈಕಸುಬಿನವರಿಗೆ ನ್ಯಾಯವಾದ ಕೂಲಿ ಕೇಳುವ ಹೋರಾಟವನ್ನು ಸಂತೆಯ ಚೀಲ ತೀರಿಸಲಾರದು. ಅದನ್ನು ಬೀದಿಯಲ್ಲೂ ಶಾಸನಸಭೆಯಲ್ಲೂ ನಡೆಸಲೇಬೇಕು.

ಆ ಮುದುಕರು ಈಗಲೂ ನಮ್ಮ ಸಭೆಗಳಿಗೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಬರುವ ಆಗಸ್ಟಿನಲ್ಲಿ ಅವರು ಎದ್ದು ಬಂದು ಅಂಚು ಹಿಡಿದು ಕೇಳಿದರೆ, ನಮ್ಮಲ್ಲಿ ಉತ್ತರವಿರಬೇಕು. 50 ಮನೆಗಳ ಪಟ್ಟಿ ಮೇಜಿನ ಮೇಲಿದೆ. ಮೊದಲ ಹೆಸರು ನಮ್ಮದು. ಊಟಕ್ಕೆ ಏಳುವ ಮುನ್ನ ನಿಮ್ಮದನ್ನೂ ಬರೆಸಿ.