ಸಂದೇಶವೊಂದೇ ಸಾಲದು, ದಾಖಲೆಯೂ ಬೇಕು



ಅಂತರಜಾಲದ ಸಾಧನಗಳನ್ನು ಬಳಸಿ ಹಳ್ಳಿಗರು, ವಿದ್ಯಾರ್ಥಿಗಳು ಹಾಗೂ ವಿಜ್ಞಾನಿಗಳು ಕೂಡಿ ಕೆಲಸ ಮಾಡುವುದು ಹೇಗೆ ಎಂಬ ವಿಷಯವಾಗಿ ಮಾತನಾಡಬೇಕೆಂದು ಸಂಘಟಕರು ಸೂಚಿಸಿದ್ದಾರೆ. ಇಂದು ಮಲೆನಾಡಿನ ಮನೆಗಳಲ್ಲಿ ಮೊಬೈಲಿಗೆ ಬರವಿಲ್ಲ, ಸಂದೇಶಗಳಿಗಂತೂ ಇಲ್ಲವೇ ಇಲ್ಲ. ಆದರೆ ಸಂದೇಶ ರವಾನಿಸುವುದು ಬೇರೆ, ಕೂಡಿ ಕೆಲಸ ಮಾಡುವುದು ಬೇರೆ. ನಿನ್ನೆಯ ಸಂದೇಶ ಇಂದಿನ ನೂರು ಶುಭೋದಯಗಳ ಕೆಳಗೆ ಹೂತುಹೋಗುತ್ತದೆ. ದಾಖಲೆ ಮಾತ್ರ ಉಳಿಯುತ್ತದೆ, ಮುಂದಿನ ನಿರ್ಧಾರಕ್ಕೆ ಆಧಾರವಾಗುತ್ತದೆ.

ಅಡಿಕೆ ತೋಟದ ನಿದರ್ಶನವನ್ನೇ ನೋಡೋಣ. ಸೋಗೆ ಹಳದಿಯಾಗಿದೆ, ಏನು ಹೊಡೆಯಬೇಕು ಎಂಬ ಪ್ರಶ್ನೆಯೊಡನೆ ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವೊಂದು ಬರುತ್ತದೆ. ಎಲೆಚುಕ್ಕಿ ರೋಗವು ಶಿಲೀಂಧ್ರದಿಂದ ಬರುವಂಥದು. ಹಳದಿ ಎಲೆ ರೋಗಕ್ಕೆ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ. ಬಸಿಗಾಲುವೆ ಕಟ್ಟಿ ಬುಡದಲ್ಲಿ ನೀರು ನಿಂತರೂ, ಪೋಷಕಾಂಶ ಕಡಿಮೆಯಾದರೂ ಸೋಗೆ ಹಳದಿಯಾಗುತ್ತದೆ. ಮೊದಲನೆಯದಕ್ಕೆ ಮಾತ್ರ ಶಿಲೀಂಧ್ರನಾಶಕದಿಂದ ಪ್ರಯೋಜನವುಂಟು. ಉಳಿದವಕ್ಕೆ ಸಿಂಪಡಿಸಿದರೆ ಹಣ ವ್ಯರ್ಥ, ಹಳ್ಳದ ನೀರಿಗೂ ಹಾನಿ. ಆದುದರಿಂದ ಒಂದು ಚಿತ್ರ ಸಾಲದು. ಇಡೀ ಮರ, ಒಂದು ಸೋಗೆ, ಚುಕ್ಕಿಯ ಪಕ್ಕದಲ್ಲಿ ನಾಣ್ಯವಿಟ್ಟು ಹತ್ತಿರದಿಂದ ತೆಗೆದ ನೋಟ, ಹೀಗೆ ಮೂರು ಚಿತ್ರಗಳು ಬೇಕು. ಜೊತೆಗೆ ದಿನಾಂಕ, ಊರು, ತೋಟದ ವಯಸ್ಸು, ಹಿಂದೆ ಸಿಂಪಡಿಸಿದ ಔಷಧ, ಇವಿಷ್ಟನ್ನು ಬರೆಯಬೇಕು. ಚಿತ್ರವನ್ನು ಸಾಮಾನ್ಯ ರೀತಿಯಲ್ಲಿ ಕಳುಹಿಸಿದರೆ ಅದು ಕುಗ್ಗುತ್ತದೆ, ಅದರೊಳಗಿನ ಸ್ಥಳ ಮತ್ತು ಸಮಯದ ಮಾಹಿತಿ ಅಳಿಯುತ್ತದೆ. ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಉಳಿಯುತ್ತದೆ.

ಎರಡನೆಯದು ಮಳೆಯ ಲೆಕ್ಕ. ಮಲೆನಾಡಿನ ಅನೇಕ ಮನೆಗಳಲ್ಲಿ ಮಳೆ ಅಳೆದು ಬರೆದಿಡುವ ರೂಢಿಯಿದೆ. ಹವಾಮಾನ ಇಲಾಖೆಯಂತೆ ನಾವೂ ಬೆಳಿಗ್ಗೆ 8.30ಕ್ಕೇ ಅಳೆದು, ಹತ್ತು ಊರಿನವರು ಒಂದೇ ಹಂಚಿಕೆಯ ಕೋಷ್ಟಕದಲ್ಲಿ ತುಂಬಿದರೆ ಘಟ್ಟದ ಒಂದೊಂದು ಮಗ್ಗುಲಿನ ಮಳೆಯೂ ಸ್ಪಷ್ಟವಾಗುತ್ತದೆ. ಎಲ್ಲರ ಅಳತೆಯೂ ಮಿಲಿಮೀಟರಿನಲ್ಲಿರಲಿ. ಮಳೆ ಬಾರದ ದಿನ ಸೊನ್ನೆ ಬರೆಯಬೇಕು, ಅಳೆಯದ ದಿನ ಖಾಲಿ ಬಿಡಬೇಕು. ಈ ಎರಡನ್ನು ಬೆರೆಸಿದರೆ ಇಡೀ ವರ್ಷದ ಲೆಕ್ಕವೇ ಸುಳ್ಳಾಗುತ್ತದೆ. 2018ರಲ್ಲಿ ಕೊಡಗು, 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರು ಕಂಡ ಗುಡ್ಡ ಕುಸಿತಗಳ ನಂತರ, ಇಳಿಜಾರಿನ ಮೇಲೆ ಸತತವಾಗಿ ಸುರಿದ ಮಳೆಯ ಲೆಕ್ಕ ಕೇವಲ ಹವ್ಯಾಸವಲ್ಲ, ಜೀವರಕ್ಷಣೆಯ ವಿಷಯ.

ಇನ್ನು ಭಾಷೆ. 2020ರ ಪರಿಸರ ಪರಿಣಾಮ ಅಂದಾಜು ಕರಡು ಅಧಿಸೂಚನೆ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಹೊರಬಂದಿತ್ತು. ಆ ವರ್ಷದ ಜೂನ್ 30ರಂದು ದೆಹಲಿ ಉಚ್ಚ ನ್ಯಾಯಾಲಯವು ಆಕ್ಷೇಪಣೆಯ ಗಡುವನ್ನು ಆಗಸ್ಟ್ 11ರವರೆಗೆ ವಿಸ್ತರಿಸಿ, ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಿಗೆ ಅದನ್ನು ಅನುವಾದಿಸಲು ಆದೇಶಿಸಿತು. 2024ರ ಜುಲೈ 31ರ ಪಶ್ಚಿಮಘಟ್ಟ ಸೂಕ್ಷ್ಮ ಪ್ರದೇಶದ ಕರಡಿನಲ್ಲಿ ಕರ್ನಾಟಕದ 20,668 ಚದರ ಕಿ.ಮೀ. ಸೇರಿತ್ತು. ಆಕ್ಷೇಪಣೆಗೆ ಇದ್ದದ್ದು 60 ದಿನ. ಬೆಂಬಲಿಸುವವರಾಗಲಿ ವಿರೋಧಿಸುವವರಾಗಲಿ, ಇಂಥ ಅವಧಿಯಲ್ಲಿ ಓದಿ, ಅರಿತು, ಬರೆಯಬೇಕಾದರೆ ಕೆಲಸವನ್ನು ಹಂಚಿಕೊಳ್ಳಲೇಬೇಕು. ಒಂದೇ ಹಂಚಿಕೆಯ ಕಡತ, ಒಂದೊಂದು ಭಾಗಕ್ಕೆ ಒಬ್ಬೊಬ್ಬ ಹೊಣೆಗಾರ, ತಿದ್ದುವವರ ಹೆಸರು ಕಾಣುವ ವ್ಯವಸ್ಥೆ, ಕೊನೆಯಲ್ಲಿ ಕಳುಹಿಸಲು ಒಬ್ಬರೇ, ಇಷ್ಟು ಶಿಸ್ತು ಸಾಕು. ಬರವಣಿಗೆ ಯೂನಿಕೋಡ್‌ನಲ್ಲಿರಲಿ. ಹಳೆಯ ನುಡಿ, ಬರಹ ಫಾಂಟುಗಳ ಕಡತಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕಕ್ಕೆ ಕನ್ನಡವಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಗುರುತುಗಳಾಗುತ್ತವೆ, ಹುಡುಕಿದರೂ ಸಿಗುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಲ್ಲವನ್ನೂ ಎಲ್ಲರ ಮುಂದೆ ತೆರೆದಿಡುವುದು ಸಹಕಾರವಲ್ಲ. ಅಪರೂಪದ ಔಷಧಿ ಗಿಡ ಯಾವ ಬೆಟ್ಟದ ಯಾವ ಬದಿಯಲ್ಲಿದೆ ಎಂಬುದನ್ನು ನಿಖರವಾಗಿ ಪ್ರಕಟಿಸಿದರೆ, ಸಂಶೋಧಕನಿಗಿಂತ ಮೊದಲು ಕಳ್ಳ ಅಲ್ಲಿಗೆ ತಲುಪಿಯಾನು. ಗಿಡದ ಹೆಸರು, ತಾಲ್ಲೂಕು ಬಹಿರಂಗವಾಗಿರಲಿ, ಜಾಗದ ಗುರುತು ಊರಿನವರಲ್ಲೇ ಇರಲಿ. 2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಮಿತಿಗಳು ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲಾತಿಗೂ ಈ ವಿವೇಕ ಅಗತ್ಯ. ತಿಳಿವಳಿಕೆ ನೀಡಿದ ಹಿರಿಯರ ಒಪ್ಪಿಗೆಯಿಲ್ಲದೆ ಅದನ್ನು ಹೊರಗೆ ಕಳುಹಿಸುವುದು ನ್ಯಾಯವಲ್ಲ.

ನಮ್ಮ ಎಷ್ಟೋ ಕೇರಿಗಳಲ್ಲಿ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು, ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ಆದಕಾರಣ ಮೊದಲ ದಾಖಲೆ ನೋಟ್‌ಪುಸ್ತಕದಲ್ಲಿರಲಿ, ವಾರಕ್ಕೊಮ್ಮೆ ಕೋಷ್ಟಕಕ್ಕೆ ಏರಲಿ. ವಿದ್ಯಾರ್ಥಿಗಳೇ, ಇಲ್ಲಿ ಸೇತುವೆಯಾಗಬೇಕಾದವರು ನೀವು. ಅಜ್ಜಿ ಬಲ್ಲ ಗಿಡದ ಹೆಸರನ್ನು ಜಾಲಕ್ಕೆ ಏರಿಸುವುದು ಅರ್ಧ ಕೆಲಸ. ಜಾಲದಿಂದ ಬಂದ ಉತ್ತರವನ್ನು ಅಜ್ಜಿಯ ಜಗಲಿಗೆ ತಂದು ಓದಿ ಹೇಳುವುದು ಉಳಿದರ್ಧ. ನನ್ನಂಥ ವಿಜ್ಞಾನಿಗಳಿಗೂ ಇದೇ ನಿಯಮ. ಊರಿನಿಂದ ಪಡೆದ ಮಾಹಿತಿಯ ಫಲಿತಾಂಶ ಕನ್ನಡದಲ್ಲಿ ಊರಿಗೆ ಮರಳದಿದ್ದರೆ ಅದನ್ನು ಸಹಯೋಗವೆನ್ನಲಾಗದು.

ಈ ಮಳೆಗಾಲಕ್ಕೆ ಒಂದೊಂದು ಊರಿನಿಂದ ಒಬ್ಬ ಹಿರಿಯರು, ಒಬ್ಬ ವಿದ್ಯಾರ್ಥಿ ಮಳೆಯ ಲೆಕ್ಕಕ್ಕೆ ಹೆಸರು ಕೊಡಬೇಕೆಂದು ಕೋರುತ್ತೇನೆ.