ಮಾಟಗಾತಿಯೂ ತಕ್ಕಡಿಯೂ

(ಗ್ರಾಮದ ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ಬೀಜ-ಗೊಬ್ಬರದ ಮಾತು ಬಿಟ್ಟು ಇವನೇಕೆ ಮಕ್ಕಳ ಚಿತ್ರಪುಸ್ತಕ ಹಿಡಿದು ನಿಂತ ಎಂದು ತಾವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಇದು ಹಾಲೆಂಡ್ ದೇಶದ ಕಥೆ. ಬರೆದು ಚಿತ್ರ ತೆಗೆದವರು ಯಾನ್ ಫಾನ್ ಓರ್ಟ್. ಝಾಂ ಡ್ಯುಲಿಯು ಎಂಬುದು ಅವರ ಕಾವ್ಯನಾಮ. 1921ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿದರು. ಮೊದಲು ಪಿಟೀಲು ನುಡಿಸುತ್ತಿದ್ದರು. ಮಹಾಯುದ್ಧ ಮುಗಿದ ಮರುವರ್ಷ, ಅಂದರೆ 1946ರಲ್ಲಿ, ದಿನಪತ್ರಿಕೆಯೊಂದರಲ್ಲಿ ಪೌಲುಸ್ ಎಂಬ ಗಡ್ಡದ ಕುಳ್ಳನ ಚಿತ್ರಕಥೆ ಆರಂಭಿಸಿದರು. 1955ರಿಂದ ಅದು ರೇಡಿಯೋದಲ್ಲಿಯೂ ಬಂತು. ಹರಿಕಥೆಯ ದಾಸರು ತಾವೊಬ್ಬರೇ ರಾವಣನೂ ಸೀತೆಯೂ ಆಗುವಂತೆ, ಎಲ್ಲ ಪಾತ್ರಗಳ ದನಿಯೂ ಇವರೊಬ್ಬರದೇ!

ಪೌಲುಸ್ ಕಾಡಿನಲ್ಲಿ ಮರದ ಪೊಟರೆಯಲ್ಲಿ ವಾಸಿಸುತ್ತಾನೆ. ಅವನ ಗೆಳೆಯರು ಊಹೂಬೂರೂ ಎಂಬ ಗೂಬೆ, ಸಾಲೊಮೊ ಎಂಬ ದೊಡ್ಡ ಕರಿಕಾಗೆ, ಗ್ರೆಗೋರಿಯುಸ್ ಎಂಬ ಬಿಲ ತೋಡುವ ಪ್ರಾಣಿ. ಈ ಕೊನೆಯವನು ತಿಂಡಿಪೋತ. ಮಕ್ಕಳಿಗೆ ಇವನ ಮೇಲೆಯೇ ಪ್ರೀತಿ ಹೆಚ್ಚಾದರೆ ನನಗೆ ಆಶ್ಚರ್ಯವಿಲ್ಲ. ಇವರಿಗೆಲ್ಲ ಕಾಟ ಕೊಡುವವಳು ಯೂಕಲಿಪ್ಟಾ ಎಂಬ ಮಾಟಗಾತಿ. ಹೆಸರು ಕೇಳಿದರೆ ನಮಗೆ ನೀಲಗಿರಿ ಮರದ ನೆನಪಾಗುತ್ತದೆ. ಅವಳು ಹೂಡುವ ಹಂಚಿಕೆ ಮುರಿದುಬೀಳುತ್ತದೆ. ಆದರೂ ಯಾರೂ ಅವಳನ್ನು ಸುಡುವುದಿಲ್ಲ. ಮುಂದಿನ ಕಥೆಗೆ ಮತ್ತೆ ಹಾಜರು.

ಕಥೆಯಲ್ಲಿ ಹೀಗೆ. ಯೂರೋಪಿನ ಚರಿತ್ರೆಯಲ್ಲಿ ಹೀಗಿರಲಿಲ್ಲ. ಹಸು ಹಾಲು ಬತ್ತಿಸಿದರೆ, ಆಲಿಕಲ್ಲು ಬಿದ್ದು ಪೈರು ನೆಲಕಚ್ಚಿದರೆ, ಊರ ಮುದುಕಿಯ ಮೇಲೆ ಬೆರಳು ತೋರಿಸುತ್ತಿದ್ದರು. ಅಲ್ಲಿ ಸತ್ತವರು ಸಾವಿರಾರು ಜನ, ಬಹುಪಾಲು ಹೆಂಗಸರು.

ಹಾಲೆಂಡಿನ ಔಡೆವಾಟರ್ ಎಂಬ ಊರಿನಲ್ಲಿ ಸರಕು ತೂಗುವ ಕಟ್ಟೆಯೊಂದಿದೆ. ಮಾಟಗಾತಿಗೆ ತೂಕವಿಲ್ಲ, ಆದ್ದರಿಂದಲೇ ಅವಳು ಪೊರಕೆಯ ಮೇಲೆ ಹಾರುತ್ತಾಳೆ ಎಂಬುದು ಆಗಿನ ನಂಬಿಕೆ. ಅಪವಾದ ಹೊತ್ತವರು ದೂರದ ಜರ್ಮನ್ ಸೀಮೆಯಿಂದಲೂ ಇಲ್ಲಿಗೆ ಬಂದು ತಕ್ಕಡಿ ಏರುತ್ತಿದ್ದರು. ತೂಗುವವರು ನ್ಯಾಯವಾಗಿ ತೂಗಿ, ಮೈಕಟ್ಟಿಗೆ ತಕ್ಕ ತೂಕವಿದೆ ಎಂದು ಪತ್ರ ಬರೆದು ಕೊಡುತ್ತಿದ್ದರು. ಆ ಕಾಗದವೇ ಅವರ ಪ್ರಾಣಕ್ಕೆ ಕಾವಲು. ಮಂಡಿಯಲ್ಲಿ ತೂಕದ ಮೋಸ ಕಂಡ ನಮಗೆ ಸರಿಯಾದ ತಕ್ಕಡಿಯ ಬೆಲೆ ಬೇರೆ ಹೇಳಬೇಕಾಗಿಲ್ಲ. ಆ ಕಟ್ಟಡ ಈಗ ವಸ್ತುಸಂಗ್ರಹಾಲಯವಾಗಿದೆ.

ಕಥೆಯ ಹಕ್ಕಿಗಳ ಪಾಡೂ ಕೇಳಿ. ಸಾಲೊಮೊವಿನ ಜಾತಿಯ ಕರಿಕಾಗೆಯನ್ನು ಆ ದೇಶದವರು ಗುಂಡಿಕ್ಕಿ, ವಿಷವಿಟ್ಟು ನಿರ್ನಾಮ ಮಾಡಿದ್ದರು. ಮಕ್ಕಳು ಅದನ್ನು ಚಿತ್ರದಲ್ಲಿ ನೋಡಿ ನಗುತ್ತಿದ್ದ ಕಾಲಕ್ಕೆ ಕಾಡಿನಲ್ಲಿ ಅದರ ಗೂಡಿರಲಿಲ್ಲ. 1969ರಿಂದ ಹೊರಗಿನ ಹಕ್ಕಿಗಳನ್ನು ತಂದು ಬಿಟ್ಟು ಮತ್ತೆ ನೆಲೆಗೊಳಿಸಿದರು. ದೊಡ್ಡ ಗೂಬೆಯಾದರೋ ತಾನಾಗಿಯೇ ಬಂತು. 1997ರಲ್ಲಿ ಮಾಸ್ಟ್ರಿಕ್ಟ್ ಬಳಿಯ ಸುಣ್ಣಕಲ್ಲಿನ ಗಣಿಯಲ್ಲಿ ಮರಿ ಮಾಡಿತು. ನಮ್ಮಲ್ಲಿ ಗೂಬೆ ಕೂಗಿದರೆ ಅಪಶಕುನವೆಂದು ಕಲ್ಲು ಬೀರುವವರುಂಟು. ಕಣಜಕ್ಕೆ ಬಾಯಿಹಾಕುವ ಇಲಿಗಳನ್ನು ರಾತ್ರಿಯೆಲ್ಲ ಹಿಡಿಯುವುದು ಅದೇ ಗೂಬೆ ಎಂಬುದನ್ನು ಕಲ್ಲೆತ್ತುವ ಮೊದಲು ನೆನೆದರೆ ಸಾಕು.

ಪುಸ್ತಕವನ್ನು ಮೇಜಿನ ಮೇಲೆ ಇಟ್ಟಿದ್ದೇನೆ. ಡಚ್ ಭಾಷೆ ಬಾರದಿದ್ದರೂ ಚಿತ್ರಕ್ಕೆ ಭಾಷೆ ಬೇಡ. ಮಕ್ಕಳನ್ನು ಕಳುಹಿಸಿರಿ, ಕೈ ತೊಳೆದು ಮುಟ್ಟಲಿ.